ಮಳೆಗೆ ಹಳೇ ಕಾರು ಮಿಸ್ಸಿಂಗ್ ಹೊಡೆದರೆ ತಾಮ್ರದ ಪ್ಲಗ್ ವೈರ್ ಹಾಕಬೇಕೆ? ಫಾರ್ವರ್ಡ್ ಸಲಹೆಗಳಲ್ಲಿ ನಿಜ ಎಷ್ಟು?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯ ಹಳೇ ಪೆಟ್ರೋಲ್ ಗಾಡಿಗಳು ಮುನಿಸಿಕೊಳ್ಳಲು ಶುರುಮಾಡುತ್ತವೆ. ಹಿಂದಿನ ಸಂಜೆ ಚೆನ್ನಾಗಿಯೇ ಓಡಿದ ಮಾರುತಿ 800 ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದ ಓಮ್ನಿ ಏರು ಸಿಕ್ಕಿದ ಕೂಡಲೇ ಎಳೆಯಲಾರದೆ ಜರ್ಕ್ ಹೊಡೆಯುತ್ತದೆ. ಅದೇ ಹೊತ್ತಿಗೆ ಮೊಬೈಲಿಗೆ ಸಲಹೆಗಳೂ ಬಂದು ಬೀಳುತ್ತವೆ. ಕಾರ್ಬನ್ ವೈರ್ ಕರೆಂಟ್ ತಡೆಯುತ್ತದೆ, ಕಿತ್ತುಹಾಕಿ ತಾಮ್ರದ್ದು ಹಾಕಿ ಎನ್ನುತ್ತದೆ ಒಂದು. ಬಿರುಕು ಬಿಟ್ಟ ಕಡೆ ಟೇಪ್ ಸುತ್ತಿದರೆ ಸಾಕು ಎನ್ನುತ್ತದೆ ಇನ್ನೊಂದು. ಗ್ರೀಸ್ ಮೆತ್ತಿ, ಸ್ಪ್ರೇ ಹೊಡೆಯಿರಿ, ಪ್ಲಾಸ್ಟಿಕ್ ಮುಚ್ಚಿ ಎನ್ನುವವು ಮತ್ತಷ್ಟು.

ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಅಪಾಯ. ಘಾಟಿಯ ತಿರುವಿನಲ್ಲಿ, ರಾತ್ರಿ ಹೊತ್ತು, ಹಿಂದಿನ ಸೀಟಿನಲ್ಲಿ ಕಾಯಿಲೆಯವರನ್ನು ಕೂರಿಸಿಕೊಂಡು ಮಂಗಳೂರಿಗೋ ಹಾಸನಕ್ಕೋ ಹೊರಟಾಗ ಗಾಡಿ ನಿಂತರೆ ಯಾವುದು ನಿಜ ಎಂಬುದು ಬರೀ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ಹಾಗಾಗಿ ಪ್ಲಗ್ ವೈರ್ ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೆಡುತ್ತದೆ, ಮನೆಯಲ್ಲೇ ಹೇಗೆ ಪರೀಕ್ಷಿಸಬಹುದು, ಸೆಟ್ ಸಿಗದ ಹಳೇ ಗಾಡಿಗೆ ಅಳತೆ ಪ್ರಕಾರ ಹೇಗೆ ಮಾಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ: ಮಳೆಗಾಲದಲ್ಲಿ ಪ್ಲಗ್ ವೈರ್ ಕೈಕೊಡುವುದಕ್ಕೆ ಬಹುಮಟ್ಟಿಗೆ ಕಾರಣ ಒಳಗಿನ ಎಳೆಯಲ್ಲ, ಹೊರಗಿನ ಹೊದಿಕೆ. ಕರೆಂಟ್ ಹರಿಯದೇ ಇರುವುದಕ್ಕಿಂತ ಹರಿಯಬಾರದ ಕಡೆ ಹರಿದುಹೋಗುವುದೇ ತೊಂದರೆ. ಒಳಗೆ ತಾಮ್ರ ಹಾಕಿದರೆ ಹೊರಗಿನ ಸೋರಿಕೆ ನಿಲ್ಲುವುದಿಲ್ಲ.

ಯಾವ ಗಾಡಿಗಳಿಗೆ ಇದು ಅನ್ವಯಿಸುತ್ತದೆ?

ಡಿಸ್ಟ್ರಿಬ್ಯೂಟರ್ ಇರುವ ಹಳೇ ಪೆಟ್ರೋಲ್ ಗಾಡಿಗಳಿಗೆ. ಕಾರ್ಬ್ಯುರೇಟರ್ ಕಾಲದ ಮಾರುತಿ 800, ಓಮ್ನಿ, ಜಿಪ್ಸಿ, ಪೆಟ್ರೋಲ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಪೆಟ್ರೋಲ್ ವಿಲ್ಲೀಸ್ ಜೀಪು, ಇವೆಲ್ಲ ಈ ಪಟ್ಟಿಯಲ್ಲಿವೆ. ಮಹೀಂದ್ರಾ ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪ್ ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯ ಹೊತ್ತಿಗೆ. ಮಾರುತಿ 800 ರಸ್ತೆಗಿಳಿದಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರಲ್ಲಿ. ಅಂಬಾಸಿಡರ್ ತಯಾರಿಕೆಯೂ ಅದೇ ವರ್ಷ ನಿಂತಿತು. ಗಾಡಿ ಬರುವುದು ನಿಂತರೂ ತೋಟದ ಮನೆಗಳ ಶೆಡ್ಡಿನಲ್ಲಿ ಇವು ಇನ್ನೂ ಬದುಕಿವೆ.

ಡೀಸೆಲ್ ಗಾಡಿಗಳಿಗೆ ಈ ಲೇಖನ ಸಂಬಂಧಿಸಿದ್ದಲ್ಲ. ಕಳಸದ ಸುತ್ತಮುತ್ತ ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜೀಪುಗಳಲ್ಲಿ ಬಹುಪಾಲು ಡೀಸೆಲ್. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹತ್ತಿಕೊಳ್ಳುತ್ತದೆ. ಅಲ್ಲಿ ಕಿಡಿಯೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ. ಈಚಿನ ಪೆಟ್ರೋಲ್ ಕಾರುಗಳಲ್ಲಿ ಬಹುತೇಕ ಪ್ರತಿ ಪ್ಲಗ್ಗಿನ ತಲೆಯ ಮೇಲೇ ಒಂದೊಂದು ಕಾಯಿಲ್ ಕೂತಿರುತ್ತದೆ. ಅವುಗಳಲ್ಲಿ ಉದ್ದನೆಯ ಪ್ಲಗ್ ವೈರ್ ಇರುವುದಿಲ್ಲ.

ಈ ವೈರ್ ಮಾಡುವ ಕೆಲಸ ಏನು?

ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್ಗಿನ ತುದಿಯ ಸಣ್ಣ ಸಂದಿಯಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಈ ವ್ಯತ್ಯಾಸ ತುಂಬುವುದು ಇಗ್ನಿಷನ್ ಕಾಯಿಲ್. ಅದರೊಳಗೆ ದಪ್ಪ ತಂತಿಯ ಕಡಿಮೆ ಸುತ್ತುಗಳ ಒಂದು ಸುರುಳಿ, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳ ಇನ್ನೊಂದು ಸುರುಳಿ ಇರುತ್ತವೆ. ಡಿಸ್ಟ್ರಿಬ್ಯೂಟರ್‌ನೊಳಗಿನ ಪಾಯಿಂಟ್ ತೆರೆದುಕೊಂಡು ಮೊದಲ ಸುರುಳಿಯ ಕರೆಂಟ್ ತಟಕ್ಕನೆ ಕಡಿದಾಗ ಎರಡನೆಯದರಲ್ಲಿ 15ರಿಂದ 25 ಸಾವಿರ ವೋಲ್ಟ್‌ವರೆಗೆ ಹುಟ್ಟಬಲ್ಲದು. ಆ ಕರೆಂಟ್ ಕಾಯಿಲ್ ವೈರಿನ ಮೂಲಕ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುತ್ತದೆ. ಒಳಗೆ ತಿರುಗುವ ರೋಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ ವೈರಿಗೆ ಹಂಚುತ್ತದೆ.

ಮೂರು ಸಿಲಿಂಡರಿನ ಮಾರುತಿ 800ರಲ್ಲಿ ಮೂರು ಪ್ಲಗ್ ವೈರ್, ಒಂದು ಕಾಯಿಲ್ ವೈರ್. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಟ್ಟು ಐದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಪ್ಲಗ್ ವೈರಿನಲ್ಲಿ ಸೆಕೆಂಡಿಗೆ 25 ಸಲ ಈ ಹೈವೋಲ್ಟೇಜ್ ಹಾದುಹೋಗುತ್ತದೆ.

ಮನೆಯ ಸ್ವಿಚ್ ಬೋರ್ಡಿಗೆ ಬರುವುದು 230 ವೋಲ್ಟ್. ಇಲ್ಲಿ ಅದರ ಐವತ್ತು, ನೂರು ಪಟ್ಟು. ಅಷ್ಟನ್ನು ಎಣ್ಣೆ, ಬಿಸಿ, ಧೂಳು, ತೇವದ ನಡುವೆ ಸೋರದಂತೆ ಹಿಡಿದಿಡಬೇಕಾದ್ದು ಬೆರಳಿಗಿಂತ ಸಪೂರವಾದ ಒಂದು ರಬ್ಬರ್ ಹೊದಿಕೆ. ಪ್ಲಗ್ ವೈರ್ ದಪ್ಪಗಿರುವುದು ಈ ಹೊದಿಕೆಯಿಂದ. ಒಳಗಿನ ಎಳೆ ನಿಜಕ್ಕೂ ತೀರಾ ಸಣ್ಣದು.

ಮಳೆಗೂ ವೈರಿಗೂ ಏನು ನಂಟು?

ಕರೆಂಟ್ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಹೊಸ ಹೊದಿಕೆಯಲ್ಲಿ ಪ್ಲಗ್ಗಿನ ಸಂದಿಯೇ ಸುಲಭದ ದಾರಿ. ವರ್ಷಗಟ್ಟಲೆ ಎಂಜಿನ್ ಬಿಸಿಗೆ ಬೆಂದ ರಬ್ಬರ್ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಒಣ ಗಾಳಿ ಇರುತ್ತದೆ, ಅಷ್ಟಾಗಿ ತೊಂದರೆ ಕಾಣುವುದಿಲ್ಲ. ಮಳೆಗಾಲದಲ್ಲಿ ತೇವ ಹೊಕ್ಕಾಗ, ಅದರ ಜೊತೆ ರಸ್ತೆಯ ಕೆಸರಿನ ಪುಡಿ ಸೇರಿದಾಗ, ಅದೇ ಬಿರುಕು ಕರೆಂಟಿಗೆ ದಾರಿಯಾಗುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಪಕ್ಕದ ಕಬ್ಬಿಣಕ್ಕೆ ಹಾರುತ್ತದೆ.

ಮಳೆ ನೇರವಾಗಿ ಬೀಳಲೇಬೇಕೆಂದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಬೀಳುವ ಮಂಜು, ಇಬ್ಬನಿಯೂ ಸಾಕು. ರಾತ್ರಿಯಿಡೀ ತಣ್ಣಗಾದ ಎಂಜಿನ್ ಮೇಲೆ ಬೆಳಗಿನ ತೇವದ ಗಾಳಿ ತಾಗಿದಾಗ ಕ್ಯಾಪಿನ ಹೊರಗೂ ಒಳಗೂ ನೀರಿನ ಸಣ್ಣ ಹನಿಗಳು ಕೂರುತ್ತವೆ. ಬಿಸಿಲೇರಿದ ಮೇಲೆ ಗಾಡಿ ತಾನಾಗಿಯೇ ಸ್ಟಾರ್ಟ್ ಆಗುವುದು ಇದಕ್ಕೇ.

ಏರಿನಲ್ಲಿ ಮಾತ್ರ ಮಿಸ್ಸಿಂಗ್ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆಕ್ಸಿಲರೇಟರ್ ಒತ್ತಿ ಏರು ಹತ್ತಿಸುವಾಗ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಅದನ್ನು ಸೀಳಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ಆಗ ಪ್ಲಗ್ಗಿನ ಸಂದಿಗಿಂತ ಹೊದಿಕೆಯ ಬಿರುಕೇ ಸುಲಭ ದಾರಿ ಎನಿಸುತ್ತದೆ. ಮೂಡಿಗೆರೆ ಪೇಟೆಯ ಸಮತಟ್ಟು ರಸ್ತೆಯಲ್ಲಿ ನೆಟ್ಟಗೆ ಓಡಿದ ಗಾಡಿ ಚಾರ್ಮಾಡಿಯ ಏರಿನಲ್ಲಿ ಏದುಸಿರು ಬಿಡುವುದು ಹೀಗೆ. ಏರಿನಲ್ಲಿ ತೊಂದರೆ ಎಂದಾಕ್ಷಣ ಕಾರ್ಬ್ಯುರೇಟರ್ ಬಿಚ್ಚಿಸುವ ಮೊದಲು ವೈರ್, ಪ್ಲಗ್, ಕ್ಯಾಪ್ ನೋಡಿಸುವುದು ಒಳ್ಳೆಯದು.

ಬಿರುಕಲ್ಲದೆ ಬೇರೆ ಕಾರಣಗಳೂ ಇವೆ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ, ಹೆಗ್ಗಣ ಕಡಿಯುತ್ತವೆ. ಪ್ಲಗ್ ತೆಗೆಯುವಾಗ ರಬ್ಬರ್ ಬೂಟ್ ಹಿಡಿಯದೆ ವೈರನ್ನೇ ಹಿಡಿದು ಎಳೆದರೆ ಒಳಗಿನ ಕಾರ್ಬನ್ ಎಳೆ ತುಂಡಾಗುತ್ತದೆ. ತುದಿಯ ಟರ್ಮಿನಲ್‌ಗೆ ಹಸಿರು ಅಥವಾ ಬಿಳಿ ಕಿಲುಬು ಹಿಡಿಯುತ್ತದೆ. ಸೈಲೆನ್ಸರ್ ಕಡೆಯ ಬಿಸಿ ಪೈಪಿಗೆ ತಾಗಿ ಹೊದಿಕೆ ಸುಡುತ್ತದೆ.

ಮೊದಲು ತೊಂದರೆ ಯಾವುದೆಂದು ಬೇರ್ಪಡಿಸಿ

ಕೀ ತಿರುಗಿಸಿದಾಗ ಎಂಜಿನ್ ತಿರುಗುವುದೇ ಇಲ್ಲ, ಬರೀ ಟಕ್ ಟಕ್ ಸದ್ದು ಎಂದಾದರೆ ತೊಂದರೆ ಬ್ಯಾಟರಿ, ಅದರ ಟರ್ಮಿನಲ್ ಅಥವಾ ಸೆಲ್ಫ್ ಮೋಟಾರಿನದ್ದು. ಪ್ಲಗ್ ವೈರಿಗೂ ಇದಕ್ಕೂ ಸಂಬಂಧವಿಲ್ಲ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ, ಸ್ವಲ್ಪ ಹೊತ್ತಿಗೆ ಪೆಟ್ರೋಲ್ ವಾಸನೆ ಬರುತ್ತದೆ ಎಂದಾದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಸರಿಯಾಗಿ ಬರುತ್ತಿಲ್ಲ ಎಂಬ ಅನುಮಾನ ಪಡಬಹುದು. ಆಗ ಕೀ ತಿರುಗಿಸುತ್ತಲೇ ಇರಬೇಡಿ. ಪ್ಲಗ್ ಪೆಟ್ರೋಲಿನಲ್ಲಿ ನೆನೆದು ತೊಂದರೆ ಇನ್ನೂ ಹೆಚ್ಚುತ್ತದೆ.

ಎಲ್ಲ ಪ್ಲಗ್ಗಿಗೂ ಕಿಡಿ ಇಲ್ಲವೆಂದರೆ ಕಾಯಿಲ್, ಕಾಯಿಲ್ ವೈರ್, ಪಾಯಿಂಟ್, ರೋಟರ್, ಕ್ಯಾಪ್ ನೋಡಬೇಕು. ಸ್ಟಾರ್ಟ್ ಆಗಿದೆ, ಆದರೆ ಒಂದೇ ಸಿಲಿಂಡರ್ ಸತ್ತಂತೆ ಕುಂಟುತ್ತಿದೆ ಎಂದರೆ ಆ ಸಿಲಿಂಡರಿನ ವೈರ್ ಅಥವಾ ಪ್ಲಗ್ ಮೇಲೆ ಕಣ್ಣಿಡಿ.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ಒಂದು, ಹಗಲು ಕಣ್ಣಿನ ಪರೀಕ್ಷೆ. ಎಂಜಿನ್ ತಣ್ಣಗಿರಲಿ, ಕೀ ತೆಗೆದಿರಲಿ. ವೈರನ್ನು ಒಣ ಬಟ್ಟೆಯಿಂದ ಒರೆಸಿ, ಮೆಲ್ಲಗೆ ಬಾಗಿಸಿ ನೋಡಿ. ಬಾಗಿದ ಕಡೆ ಕೂದಲೆಳೆಯಂಥ ಗೆರೆ ಕಂಡರೆ, ರಬ್ಬರ್ ಒಣ ಕಡ್ಡಿಯಂತೆ ಗಟ್ಟಿಯಾಗಿದ್ದರೆ, ಹಲ್ಲಿನ ಗುರುತು ಅಥವಾ ಸುಟ್ಟ ಕಲೆ ಇದ್ದರೆ ಆ ವೈರ್ ಮುಗಿದಂತೆ. ಡಿಸ್ಟ್ರಿಬ್ಯೂಟರ್ ಕ್ಯಾಪನ್ನೂ ತೆಗೆದು ಒಳಗೆ ನೋಡಿ. ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಸೋರಿದ ಜಾಡು. ಎಷ್ಟು ಒರೆಸಿದರೂ ಅದು ಸರಿಹೋಗುವುದಿಲ್ಲ, ಕ್ಯಾಪ್ ಬದಲಿಸಬೇಕು.

ಎರಡು, ಕತ್ತಲ ಪರೀಕ್ಷೆ. ರಾತ್ರಿ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ ದೂರದಿಂದ ನೋಡಿ. ಸೋರುವ ಕಡೆ ನೀಲಿ ಮಿಣುಕು ಕಾಣುತ್ತದೆ, ಚಟ್ ಚಟ್ ಸದ್ದು ಕೇಳುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಸಣ್ಣ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ತೆಳುವಾಗಿ ನೀರು ಚಿಮುಕಿಸಿದರೆ ಮಳೆಗಾಲದ ಸ್ಥಿತಿ ಬೇಸಿಗೆಯಲ್ಲೇ ಗೊತ್ತಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಮಫ್ಲರ್, ಶಾಲು, ಸೆರಗು ಫ್ಯಾನ್ ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಮೂರು, ಮಲ್ಟಿಮೀಟರ್ ಪರೀಕ್ಷೆ. ವೈರನ್ನು ಎರಡೂ ಕಡೆಯಿಂದ ಬಿಚ್ಚಿ, ಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಎರಡು ತುದಿ ಮುಟ್ಟಿಸಿ. ತಾಮ್ರದ ವೈರಾದರೆ ಸೊನ್ನೆಯ ಹತ್ತಿರ ತೋರಿಸಬೇಕು. ಕಾರ್ಬನ್ ವೈರಾದರೆ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಸಾವಿರ ಓಮ್ ಸಾಮಾನ್ಯ. ಅಂದರೆ ಅರ್ಧ ಮೀಟರಿನ ವೈರಿಗೆ 5ರಿಂದ 10 ಸಾವಿರ. ಅಂಕಿಗಿಂತ ಹೋಲಿಕೆ ಮುಖ್ಯ. ಉದ್ದಕ್ಕೆ ತಕ್ಕಂತೆ ಎಲ್ಲವೂ ಒಂದೇ ಲೆಕ್ಕದಲ್ಲಿ ಬರಬೇಕು. ಒಂದು ವೈರ್ ಮಾತ್ರ ಎಷ್ಟೋ ಪಟ್ಟು ಹೆಚ್ಚು ತೋರಿಸಿದರೆ, ಅಲುಗಾಡಿಸಿದಾಗ ಅಂಕಿ ಜಿಗಿದಾಡಿದರೆ, ಒಳಗಿನ ಎಳೆ ತುಂಡಾಗಿದೆ ಎಂದರ್ಥ.

ಇಲ್ಲಿ ಒಂದು ಮಾತು ನೆನಪಿರಲಿ. ಮೀಟರಿನಲ್ಲಿ ವೈರ್ ಪಾಸಾದರೆ ಅದು ಚೆನ್ನಾಗಿದೆ ಎಂದು ಹೇಳಲಾಗದು. ಮೀಟರ್ ಕೆಲಸ ಮಾಡುವುದು ಸಣ್ಣ ಬ್ಯಾಟರಿಯ ಕೆಲವೇ ವೋಲ್ಟ್‌ನಲ್ಲಿ. ಇಪ್ಪತ್ತು ಸಾವಿರ ವೋಲ್ಟ್ ಬಂದಾಗ ಹೊದಿಕೆ ತಡೆಯುತ್ತದೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಮೀಟರ್ ಒಳಗಿನ ಎಳೆಯನ್ನು ನೋಡುತ್ತದೆ, ಕತ್ತಲ ಪರೀಕ್ಷೆ ಹೊರಗಿನ ಹೊದಿಕೆಯನ್ನು ನೋಡುತ್ತದೆ. ಎರಡೂ ಬೇಕು.

ಫಾರ್ವರ್ಡ್ ಹೇಳಿಕೆಗಳು: ಯಾವುದು ನಿಜ, ಯಾವುದು ಸುಳ್ಳು?

ಹೇಳಿಕೆ 1: ಕಾರ್ಬನ್ ವೈರ್ ಕರೆಂಟ್ ತಡೆಯುತ್ತದೆ, ತಾಮ್ರ ಹಾಕಿದರೆ ಮೈಲೇಜ್ ಮತ್ತು ಪಿಕಪ್ ಹೆಚ್ಚುತ್ತದೆ.

ಸುಳ್ಳು. ಕಿಡಿ ಹಾರುವ ಮುನ್ನ ವೈರಿನಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಹಾಗಾಗಿ ತಡೆಯಿಂದ ವೋಲ್ಟ್ ಕಡಿಮೆಯಾಗುವ ಪ್ರಶ್ನೆಯೂ ಅಷ್ಟಾಗಿ ಬರುವುದಿಲ್ಲ. ಕಿಡಿ ಹಾರಿದ ಮೇಲೂ ಹರಿಯುವುದು ಆಂಪಿಯರಿನ ಒಂದು ಸಣ್ಣ ಪಾಲು. 0.05 ಆಂಪಿಯರ್ ಎಂದು ಇಟ್ಟುಕೊಂಡರೆ, 10 ಸಾವಿರ ಓಮ್ ವೈರಿನಲ್ಲಿ ಕಳೆದುಹೋಗುವುದು 500 ವೋಲ್ಟ್. ಹದಿನೈದು, ಇಪ್ಪತ್ತು ಸಾವಿರ ಒದಗಿಸಬಲ್ಲ ಕಾಯಿಲ್‌ಗೆ ಇದು ಹೊರೆಯಲ್ಲ. ಹಾಳಾದ ಕಾರ್ಬನ್ ವೈರ್ ತೆಗೆದು ಹೊಸ ತಾಮ್ರದ ವೈರ್ ಹಾಕಿದಾಗ ಗಾಡಿ ಚೆನ್ನಾಗಿ ಓಡಿತು ಎಂದರೆ ಅದು ಹೊಸದರ ಗುಣ, ತಾಮ್ರದ ಗುಣವಲ್ಲ.

ಹಾಗಾದರೆ ಕಾರ್ಬನ್ ಹಾಕುವುದು ಯಾಕೆ? ಕಿಡಿ ಎಂದರೆ ರೇಡಿಯೋ ಅಲೆಯ ಒಂದು ಮೂಲ. ಜಗದೀಶ ಚಂದ್ರ ಬೋಸ್ 1890ರ ದಶಕದಲ್ಲಿ ಕೋಲ್ಕತ್ತದಲ್ಲಿ ಕಿಡಿಯಿಂದ ಹುಟ್ಟಿದ ಅಲೆಯನ್ನೇ ಬಳಸಿ, ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದ್ದರು. ಮೊದಮೊದಲ ನಿಸ್ತಂತು ಯಂತ್ರಗಳು ಕೆಲಸ ಮಾಡಿದ್ದೂ ಕಿಡಿಯಿಂದಲೇ. ಹಳೇ ಕಾರಿನ ಪ್ಲಗ್ಗೂ ಹಾಗೇ ಅಲೆ ಹೊರಡಿಸುತ್ತದೆ, ತಾಮ್ರದ ವೈರ್ ಅದಕ್ಕೆ ಏರಿಯಲ್ ಆಗುತ್ತದೆ. ಕಾರಿನ ರೇಡಿಯೋದಲ್ಲಿ, ಪಕ್ಕದ ಮನೆಯಲ್ಲಿ ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿ ಕೇಳುವವರ ಸೆಟ್ಟಿನಲ್ಲಿ ಬರುವ ಕರಕರ ಸದ್ದು ಇದೇ. ಕಾರ್ಬನ್ನಿನ ತಡೆ ಈ ಅಲೆಯನ್ನು ತಗ್ಗಿಸುತ್ತದೆ. ಎಂಜಿನ್ ಕಂಪ್ಯೂಟರ್ ಇರುವ ಎಂಪಿಎಫ್‌ಐ ಗಾಡಿಯಲ್ಲಂತೂ ಈ ಅಲೆ ಸೆನ್ಸರುಗಳನ್ನೇ ಗಲಿಬಿಲಿಗೊಳಿಸಬಹುದು. ಅಂಥ ಗಾಡಿಗೆ ಬರೀ ತಾಮ್ರದ ವೈರ್ ಬೇಡವೇ ಬೇಡ.

ಒಂದು ವಿನಾಯಿತಿ ಇದೆ. ಹಳೆಯ ವಿಲ್ಲೀಸ್ ಜೀಪಿನಂಥ ಗಾಡಿಗಳಿಗೆ ತಯಾರಾದಾಗಲೇ ತಾಮ್ರದ ಎಳೆಯ ವೈರ್ ಇತ್ತು. ಹಳೇ ಬ್ರಿಟಿಷ್ ಮಾದರಿಯ ಕೆಲವು ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗಳಲ್ಲಿ ವೈರನ್ನು ಸಣ್ಣ ಸ್ಕ್ರೂ ಚುಚ್ಚಿ ಹಿಡಿಯುತ್ತದೆ. ಅಂಥಲ್ಲಿ ತಾಮ್ರದ ಎಳೆಯೇ ಬೇಕು, ಕಾರ್ಬನ್ ಎಳೆಯನ್ನು ಸ್ಕ್ರೂ ಹಾಳುಮಾಡುತ್ತದೆ. ಆಗ ಸುಮಾರು 5 ಸಾವಿರ ಓಮ್ ತಡೆ ಇರುವ ಪ್ಲಗ್ ಕ್ಯಾಪನ್ನೋ, ರೆಸಿಸ್ಟರ್ ಇರುವ ಪ್ಲಗ್ಗನ್ನೋ ಜೊತೆಗೆ ಹಾಕಿದರೆ ರೇಡಿಯೋ ಕಾಟ ಕಡಿಮೆಯಾಗುತ್ತದೆ. ಎನ್‌ಜಿಕೆಯಂಥ ಕಂಪನಿಗಳ ಪ್ಲಗ್ ನಂಬರಿನಲ್ಲಿ ಬರುವ ಆರ್ ಅಕ್ಷರ ಈ ರೆಸಿಸ್ಟರಿನ ಗುರುತು.

ಹೇಳಿಕೆ 2: ಬಿರುಕಿಗೆ ಟೇಪ್ ಸುತ್ತಿದರೆ ಸಾಕು, ತುಂಡಾದರೆ ಹೆಣೆದು ಜೋಡಿಸಬಹುದು.

ಸುಳ್ಳು. ಮನೆಯ ವೈರಿಂಗಿಗೆ ಬಳಸುವ ಟೇಪ್ ತಯಾರಾಗಿರುವುದು ಕೆಲವು ನೂರು ವೋಲ್ಟ್‌ಗೆ. ಎಂಜಿನ್ ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ, ಪದರಗಳ ನಡುವೆ ತೇವ ನಿಲ್ಲುತ್ತದೆ. ಮನೆ ತಲುಪುವ ತನಕ ತಾತ್ಕಾಲಿಕವಾಗಿ, ಒಣಗಿಸಿ, ಕಬ್ಬಿಣಕ್ಕೆ ತಾಗದಂತೆ ದೂರ ಕಟ್ಟಿ, ನಾಲ್ಕಾರು ಸುತ್ತು ಹಾಕಿಕೊಳ್ಳಬಹುದು, ಅಷ್ಟೇ. ತುಂಡಾದ ಕಾರ್ಬನ್ ಎಳೆಯನ್ನು ಹೆಣೆಯಲು ಆಗುವುದೇ ಇಲ್ಲ. ಅದು ಲೋಹದ ತಂತಿಯಲ್ಲ, ಕಾರ್ಬನ್ ಹಿಡಿಸಿದ ನೂಲು. ಜೋಡಿಸಿದ ಕಡೆ ಉಳಿಯುವ ಸಣ್ಣ ಸಂದಿಯಲ್ಲಿ ಪ್ರತಿ ಸಲವೂ ಕಿಡಿ ಹಾರಿ ನೂಲು ಸುಡುತ್ತಾ ಹೋಗುತ್ತದೆ.

ಹೇಳಿಕೆ 3: ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಸಮಸ್ಯೆ ಮುಗಿಯಿತು.

ಅರ್ಧ ನಿಜ. ಇದನ್ನು 1953ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದದ್ದೇ ನೀರನ್ನು ದೂರ ತಳ್ಳುವುದಕ್ಕೆ. ಹಾಗಾಗಿ ನೆನೆದ ಕ್ಯಾಪ್, ವೈರ್‌ಗಳಿಂದ ತೇವ ಬಿಡಿಸಲು ನೆರವಾಗುತ್ತದೆ. ಬಿರುಕನ್ನು ಮಾತ್ರ ಮುಚ್ಚುವುದಿಲ್ಲ. ಅದು ಬೆಂಕಿ ಹತ್ತಿಕೊಳ್ಳುವ ವಸ್ತು. ಬಿಸಿ ಎಂಜಿನ್ ಮೇಲೆ, ಕೀ ಆನ್ ಇದ್ದಾಗ ಹೊಡೆಯಬಾರದು. ಹೊಡೆದ ಮೇಲೆ ಒರೆಸಿ, ಆರಲು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡಬೇಕು. ಇದರ ಬದಲಿಗೆ ಪೆಟ್ರೋಲಿನಲ್ಲಿ ಒರೆಸಿ ಎನ್ನುವ ಸಲಹೆ ಬಂದರೆ ಅಳಿಸಿಹಾಕಿ. ಅಲ್ಲಿ ಕಾಯುತ್ತಿರುವುದು ಕಿಡಿ.

ಹೇಳಿಕೆ 4: ಪ್ಲಗ್ ಬೂಟಿನೊಳಗೆ ಗ್ರೀಸ್ ಹಾಕಬೇಕು.

ಗ್ರೀಸ್ ಯಾವುದು ಎಂಬುದರ ಮೇಲೆ ನಿಂತಿದೆ. ಸಿಲಿಕೋನ್‌ನ ಡೈಎಲೆಕ್ಟ್ರಿಕ್ ಗ್ರೀಸ್ ಆದರೆ ಸರಿ. ಬೂಟಿನ ಒಳಬಾಯಿಗೆ ತೆಳುವಾಗಿ ಸವರಿದರೆ ನೀರು ಒಳಹೋಗುವುದಿಲ್ಲ, ಬೂಟ್ ಪ್ಲಗ್ಗಿಗೆ ಅಂಟಿಕೊಳ್ಳುವುದೂ ಇಲ್ಲ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಆದರೆ ತಪ್ಪು. ಅದರ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಹೇಳಿಕೆ 5: ಮಳೆಗಾಲಕ್ಕೆ ಡಿಸ್ಟ್ರಿಬ್ಯೂಟರ್‌ಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಿಗೆ ಹಾಕಬೇಕು.

ಅರ್ಧ ನಿಜ. ಚಕ್ರದಿಂದ ಎಗರುವ ನೀರು ತಡೆಯಲು ಮುಚ್ಚಿಗೆ ಒಳ್ಳೆಯದು. ಎಲ್ಲ ಕಡೆಯಿಂದ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಹೊರಹೋಗದೆ ತೊಂದರೆ ಹೆಚ್ಚುತ್ತದೆ. ಬಿಸಿ ಪೈಪಿಗೆ ತಾಗಿದ ಪ್ಲಾಸ್ಟಿಕ್ ಕರಗಿ ಹತ್ತಿಕೊಳ್ಳಬಹುದು.

ಸೆಟ್ ಸಿಗದ ಗಾಡಿಗೆ ಅಳತೆಯ ವೈರ್

ಮಾರುತಿ 800ಕ್ಕೆ ಸಿದ್ಧ ಸೆಟ್ ಸಿಗುತ್ತದೆ. ನಿಮ್ಮ ಗಾಡಿಗೆ ಸಿದ್ಧ ಸೆಟ್ ಇದ್ದರೆ ಅದನ್ನೇ ಹಾಕಿ. ವಿಲ್ಲೀಸ್, ಪದ್ಮಿನಿಯಂಥವಕ್ಕೆ ಸಿಗದಿದ್ದರೆ, ಸಿಕ್ಕ ಸೆಟ್ಟಿನ ಉದ್ದ ಹೊಂದದಿದ್ದರೆ, ಮೀಟರ್ ಲೆಕ್ಕದಲ್ಲಿ ವೈರ್, ಬೇರೆಯಾಗಿ ಟರ್ಮಿನಲ್ ಮತ್ತು ಬೂಟ್ ತಂದು ಮಾಡಿಕೊಳ್ಳಬಹುದು. ಕ್ರಿಂಪಿಂಗ್ ಇಕ್ಕಳ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿದರೂ ಕ್ರಮ ಗೊತ್ತಿದ್ದರೆ ಕೆಲಸ ಸರಿಯಾಗಿದೆಯೇ ಎಂದು ನೀವೇ ನೋಡಬಹುದು.

1. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಯಾವ ವೈರ್ ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದೇ ವೈರ್ ತೆಗೆಯಿರಿ. ಕಿಡಿಯ ಸರದಿ ಮಾರುತಿ 800ರಲ್ಲಿ 1-3-2. ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ವಿಲ್ಲೀಸ್‌ನಲ್ಲಿ 1-3-4-2. ವೈರ್ ಅದಲುಬದಲಾದರೆ ಗಾಡಿ ಸ್ಟಾರ್ಟ್ ಆಗದು, ಇಲ್ಲವೇ ಕಾರ್ಬ್ಯುರೇಟರಿನಲ್ಲಿ ಪಟಾಕಿ ಹೊಡೆದಂತೆ ಸದ್ದು ಮಾಡುತ್ತದೆ.

2. ಉದ್ದವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಒಂದು ಹುರಿಯನ್ನು ಕ್ಯಾಪಿನಿಂದ ಪ್ಲಗ್ಗಿನವರೆಗೆ, ವೈರ್ ಹೋಗುವ ದಾರಿಯಲ್ಲೇ, ಹಿಡಿಕೆಗಳ ಮೂಲಕ ಹಾಯಿಸಿ ಅಳೆಯಿರಿ. ಅದಕ್ಕೆ ಮೂರು, ನಾಲ್ಕು ಸೆಂಟಿಮೀಟರ್ ಸೇರಿಸಿ. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲುಗುತ್ತದೆ. ವೈರ್ ತೀರಾ ಗಿಡ್ಡವಾದರೆ ಕಿತ್ತುಬರುತ್ತದೆ, ತೀರಾ ಉದ್ದವಾದರೆ ಜೋತು ಬಿಸಿಗೆ ತಾಗುತ್ತದೆ.

3. ಹಳೇ ಗಾಡಿಗಳಿಗೆ ಸಾಮಾನ್ಯವಾಗಿ 7 ಮಿ.ಮೀ. ದಪ್ಪದ ವೈರ್ ಹೊಂದುತ್ತದೆ. 8 ಮಿ.ಮೀ. ಇನ್ನೂ ಗಟ್ಟಿ ಎಂದು ತಂದರೆ ಹಿಡಿಕೆಗೂ ಕ್ಯಾಪಿನ ರಂಧ್ರಕ್ಕೂ ಕೂರದಿರಬಹುದು. ಹೊರಹೊದಿಕೆ ಸಿಲಿಕೋನ್‌ನದ್ದಾದರೆ ಬಿಸಿ ಮತ್ತು ತೇವ ಎರಡನ್ನೂ ಚೆನ್ನಾಗಿ ತಡೆಯುತ್ತದೆ.

4. ಟರ್ಮಿನಲ್ ಒತ್ತುವ ಮೊದಲೇ ಬೂಟನ್ನು ವೈರಿಗೆ ಏರಿಸಿ. ಇದನ್ನು ಮರೆತರೆ ಟರ್ಮಿನಲ್ ಕತ್ತರಿಸಿ ಮತ್ತೆ ಶುರುಮಾಡಬೇಕಾಗುತ್ತದೆ.

5. ತುದಿಯಿಂದ ಸುಮಾರು ಒಂದೂಕಾಲು ಸೆಂಟಿಮೀಟರ್ ಹೊದಿಕೆ ಸುಲಿಯಿರಿ. ಬ್ಲೇಡ್ ಒಳಗಿನ ಎಳೆಗೆ ತಾಗಬಾರದು. ಕಾರ್ಬನ್ ಎಳೆಯನ್ನು ಹಿಂದಕ್ಕೆ ಮಡಚಿ ಹೊದಿಕೆಯ ಮೈಗೆ ಒರಗಿಸಿ, ಟರ್ಮಿನಲ್‌ನ ಬೆನ್ನಿನ ಕಡೆಗೆ ಬರುವಂತೆ ಇಟ್ಟು ಇಕ್ಕಳದಿಂದ ಒತ್ತಿ. ಹೀಗೆ ಮಾಡಿದರೆ ಎಳೆ ಲೋಹಕ್ಕೆ ಉದ್ದಕ್ಕೂ ತಾಗಿರುತ್ತದೆ, ಟರ್ಮಿನಲ್ ಹೊದಿಕೆಯನ್ನು ಹಿಡಿಯುತ್ತದೆ.

6. ಮೆಲ್ಲಗೆ ಎಳೆದು ನೋಡಿ. ಗಾಡಿಗೆ ಹಾಕುವ ಮೊದಲು ಮೀಟರಿನಲ್ಲಿ ಅಳೆಯಿರಿ.

7. ಕೂರಿಸುವಾಗ ಎರಡೂ ತುದಿಯಲ್ಲಿ ಟಕ್ ಎಂದು ಹಿಡಿತ ಸಿಗಬೇಕು. ವೈರುಗಳನ್ನು ಒಟ್ಟುಗೂಡಿಸಿ ಜಡೆಯಂತೆ ಕಟ್ಟಬೇಡಿ. ಪಕ್ಕಪಕ್ಕದ ಎರಡು ಸಿಲಿಂಡರ್ ಒಂದರ ಹಿಂದೊಂದು ಕಿಡಿ ಪಡೆಯುವುದಾದರೆ, ಅವುಗಳ ವೈರ್ ಅಂಟಿಕೊಂಡು ಸಾಗಿದಾಗ ಒಂದರ ಕರೆಂಟ್ ಇನ್ನೊಂದರಲ್ಲೂ ಪ್ರೇರಣೆಯಾಗಬಹುದು. 1-3-4-2 ಸರದಿಯಲ್ಲಿ 3 ಮತ್ತು 4, ಹಾಗೇ 2 ಮತ್ತು 1 ಇಂಥ ಜೋಡಿಗಳು. ಇವನ್ನು ದೂರವಿಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಕೊನೆಗೆ ಕತ್ತಲ ಪರೀಕ್ಷೆ ಇನ್ನೊಮ್ಮೆ ಮಾಡಿ. ತೆಗೆದ ವೈರುಗಳಲ್ಲಿ ಚೆನ್ನಾಗಿರುವ, ಅತಿ ಉದ್ದದ ಒಂದನ್ನು ಒಣ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ದಾರಿಯಲ್ಲಿ ಯಾವ ಸಿಲಿಂಡರಿಗಾದರೂ ಅದು ಸಾಲುತ್ತದೆ.

ಘಾಟಿಯಲ್ಲೇ ನಿಂತರೆ?

ಗಾಡಿಯನ್ನು ತಿರುವಿನಿಂದ ಆದಷ್ಟು ದೂರ, ಅಂಚಿಗೆ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಜೊತೆಯಲ್ಲಿರುವವರು ರಸ್ತೆಯ ಮೇಲೆ ನಿಲ್ಲದಿರಲಿ. ಕೀ ತೆಗೆದು, ಮಳೆ ಒಳಗೆ ಬೀಳದಂತೆ ಯಾರಾದರೂ ಕೊಡೆ ಹಿಡಿಯಲಿ. ಒಣ ಹತ್ತಿ ಬಟ್ಟೆಯಿಂದ ಕಾಯಿಲ್ ತಲೆ, ಕ್ಯಾಪಿನ ಹೊರಗೆ ಮತ್ತು ಒಳಗೆ, ವೈರುಗಳು, ಬೂಟುಗಳು, ಈ ಕ್ರಮದಲ್ಲಿ ಒಂದೊಂದಾಗಿ ಒರೆಸಿ. ಬಹಳ ಸಲ ಇಷ್ಟಕ್ಕೇ ಗಾಡಿ ಹೊರಡುತ್ತದೆ. ಎರಡು, ಮೂರು ಪ್ರಯತ್ನಕ್ಕೂ ಆಗದಿದ್ದರೆ ಬ್ಯಾಟರಿ ಖಾಲಿ ಮಾಡಿಕೊಳ್ಳಬೇಡಿ. ಕಾಯಿಲೆಯವರಿದ್ದರೆ ರಿಪೇರಿಗೆ ಕಾಯದೆ ಬರುವ ಗಾಡಿಯನ್ನು ತಡೆದು ಅವರನ್ನು ಕಳಿಸಿ, 108ಕ್ಕೆ ಕರೆ ಮಾಡಿ.

ಶಾಕ್ ಹೊಡೆದರೆ ಏನಾಗುತ್ತದೆ?

ವೋಲ್ಟ್ ಹೆಚ್ಚಿದ್ದರೂ ಕರೆಂಟ್ ಕಡಿಮೆ, ಏನೂ ಆಗದು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಒಂದು ಕಿಡಿಯ ಶಕ್ತಿ ಸಣ್ಣದು, ಆರೋಗ್ಯವಂತರ ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ ಎಂಬುದು ಹೌದು. ಆದರೆ ಆ ಹೊಡೆತಕ್ಕೆ ಕೈ ತಟ್ಟನೆ ಎಗರಿ ತಿರುಗುವ ಫ್ಯಾನಿಗೆ ಸಿಗಬಹುದು, ತಲೆ ಬಾನೆಟ್ಟಿಗೆ ಬಡಿಯಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುತ್ತಿರುವ ಎಂಜಿನ್ನಿನ ವೈರುಗಳ ಹತ್ತಿರ ಕೈಹಾಕಲೇಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಹೊಡೆತ ಇನ್ನೂ ಜೋರು.

ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರ್ ಕಿತ್ತು ಕಿಡಿ ನೋಡುವ ರೂಢಿಯೂ ಬೇಡ. ಪೆಟ್ರೋಲ್ ವಾಸನೆ ಇರುವ ಕಡೆ ಬಯಲಿನ ಕಿಡಿ ಬೆಂಕಿಗೆ ಆಹ್ವಾನ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯನ್ನು ಮಿಸ್ಸಿಂಗ್‌ನಲ್ಲೇ ಓಡಿಸುತ್ತಾ ಹೋದರೆ ಉರಿಯದ ಪೆಟ್ರೋಲ್ ಕನ್ವರ್ಟರಿನಲ್ಲಿ ಉರಿದು ಅದು ಕೆಂಪಗೆ ಕಾಯುತ್ತದೆ. ಬೇಸಿಗೆಯಲ್ಲಿ ಸಿಲ್ವರ್ ಮರದ ಒಣ ತರಗೆಲೆಯ ಮೇಲೆ ಅಂಥ ಗಾಡಿ ನಿಲ್ಲಿಸಿದರೆ ತೋಟಕ್ಕೇ ಬೆಂಕಿ ಬೀಳಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

* ಮಳೆಗೆ ಮಿಸ್ಸಿಂಗ್ ಬಂದರೆ ಮೊದಲು ಒಣಗಿಸಿ, ಆಮೇಲೆ ಪರೀಕ್ಷಿಸಿ, ಕೊನೆಗೆ ಬದಲಿಸಿ.
* ಮೈಲೇಜಿಗಾಗಿ ಕಾರ್ಬನ್ ತೆಗೆದು ತಾಮ್ರ ಹಾಕಬೇಡಿ. ಗಾಡಿ ಯಾವುದರೊಂದಿಗೆ ಬಂದಿತ್ತೋ ಅದೇ ಬಗೆಯದು ಹಾಕಿ.
* ಮೀಟರಿನಲ್ಲಿ ಪಾಸಾದ ವೈರನ್ನೂ ಕತ್ತಲಲ್ಲಿ ನೋಡಿ.
* ಬಿರುಕು ಬಿಟ್ಟ ವೈರಿಗೆ ಟೇಪ್ ಮನೆ ತಲುಪುವ ತನಕ ಮಾತ್ರ.
* ಪರೀಕ್ಷೆ ಬಯಲಿನಲ್ಲಿ, ರಿಪೇರಿ ಬ್ಯಾಟರಿ ಬಿಚ್ಚಿ. ಬೂಟ್ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ.
* ಈ ಕೆಲಸಕ್ಕೆ ಮೇ ತಿಂಗಳು ಒಳ್ಳೆಯ ಹೊತ್ತು. ಜೂನ್ ಮಳೆಯಲ್ಲಿ ಘಾಟಿ ಹತ್ತುವ ಮುನ್ನ ಮುಗಿಸಿಕೊಳ್ಳಿ.